ಹೇಳದ ಕಥಿ ತೋಳ ಆಗತೈತಿ

ಭಾಗ 1/10: ನಾನು ನಕ್ಕಿದ್ದು

ಬೆಳವಡಿ ಮಲ್ಲಮ್ಮನ ಸರಣಿ ಮುಗಿದ ಮ್ಯಾಲೆ "ಮುಂದಿಂದು ಯಾವ ಕೋಟಿ, ಯಾವ ರಾಜಾ?" ಅಂತ ಭಾಳ ಮಂದಿ ಮೆಸೇಜ್ ಹಾಕಿದ್ರಿ. ಈ ಸಲ ಕೋಟಿನೂ ಇಲ್ಲ, ರಾಜಾನೂ ಇಲ್ಲ. ಈ ಸಲ ತೋಳ.

ಇದು ಶುರು ಆಗಿದ್ದು ಕಾಸ್ಟ್ ಅಕೌಂಟಿಂಗ್ ಕ್ಲಾಸಿನಾಗ, ಕೊನೇ ಬೆಂಚಿನ ಮ್ಯಾಲೆ. ನನ್ನ ಬಾಜೂಕ ಕೂಡೋ ದೋಸ್ತ ನೋಟ್‌ಬುಕ್ಕಿನ ನಡುವ ಫೋನ್ ಇಟ್ಕೊಂಡು ಇಂಗ್ಲಿಷ್ ಕಾದಂಬರಿ ಓದ್ತಿದ್ದ. ಇಣುಕಿ ನೋಡಿದೆ. ತೋಳ ಆಗುವ ಒಬ್ಬ ಹುಡುಗ, ಅವನನ್ನು ಪ್ರೀತಿಸುವ ಇನ್ನೊಬ್ಬ ಹುಡುಗ. ನಾನು ನಕ್ಕೆ. ಜೋರಾಗಿ ಅಲ್ಲ, ಮೂಗಿನಾಗ ಬರತೈತಲ್ಲ, ಅಂಥಾ ನಗು. ಅಂವ ಫೋನ್ ಬಂದ್ ಮಾಡಿ ಕಿಸೆದಾಗ ಹಾಕ್ಕೊಂಡ. ಬಸ್‌ಸ್ಟ್ಯಾಂಡ್ ತನಕ ಒಂದು ಮಾತಿಲ್ಲ. ಬಸ್ ಹತ್ತೋ ಮುಂದ ಇಷ್ಟೇ ಕೇಳಿದ: "ಲೇ, ಇಂಥಾ ಕಥಿ ಕನ್ನಡದಾಗ ಯಾಕಿಲ್ಲ?"

ನನ್ನ ಕಡೆ ಉತ್ತರ ಇರಲಿಲ್ಲ. ಇತಿಹಾಸದ ಪೇಜ್ ನಡೆಸ್ತೀನಿ ಅಂತ ಎದಿ ಉಬ್ಬಿಸಿ ಓಡಾಡೋನು, ಒಂದು ಸಾದಾ ಪ್ರಶ್ನೆಗೆ ಬಾಯಿ ಮುಚ್ಚಿದೆ. ಅವತ್ತಿನಿಂದ ಹುಡುಕಾಟ ಶುರು. ಹುಡುಕ್ತಾ ಹುಡುಕ್ತಾ ಗೊತ್ತಾಗಿದ್ದು ಏನಂದ್ರ, ಪ್ರಶ್ನೆನೇ ಸ್ವಲ್ಪ ತಪ್ಪಿತ್ತು. ಕನ್ನಡದಾಗ ಇಂಥಾ ಕಥಿ ಇಲ್ಲ ಅಂತಲ್ಲ. ಅವು ತೋಳದ ವೇಷದಾಗ ಇಲ್ಲ, ಅಷ್ಟೇ.

ಹತ್ತು ಪೋಸ್ಟ್ ಐತಿ. ಸಾವಕಾಶ ಓದ್ರಿ. ದೋಸ್ತನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಅವನ ಷರತ್ತು ಒಂದೇ: "ನನ್ನ ಹೆಸರು ಹಾಕಬ್ಯಾಡ."

ಭಾಗ 2/10: ರಾಜನ ಹಾಸಿಗೆ ಮೇಲೆ ಮಲಗಿದ್ದವನು

ನಮ್ಮ ರಾಮದುರ್ಗ, ಸವದತ್ತಿ ಕಡೆ ತೋಳ ಅಂದ್ರ ಕುರಿ ಕಾಯೋರ ಚಿಂತಿ. ಅದು ಮನುಷ್ಯ ಆಗೂದಿಲ್ಲ, ಮನುಷ್ಯ ಅದಾಗೂದಿಲ್ಲ. ರಾತ್ರಿ ಬರತೈತಿ, ಒಂದು ಮರಿ ಹೊತ್ತೊಯ್ಯತೈತಿ, ಮುಗೀತು.

ಯುರೋಪಿನಲ್ಲಿ ಹಾಗಲ್ಲ. ಅಲ್ಲಿ ತೋಳಮನುಷ್ಯನ ಕಥೆ ಬಹಳ ಹಳೆಯದು. ಸುಮಾರು 2000 ವರ್ಷದ ಹಿಂದೆ ರೋಮ್‌ನ ಕವಿ ಓವಿಡ್, ಲೈಕಾನ್ ಎಂಬ ಕ್ರೂರ ರಾಜನನ್ನು ಜುಪಿಟರ್ ದೇವರು ತೋಳ ಮಾಡಿದ ಕಥೆ ಬರೆದ. ಅಲ್ಲಿ ತೋಳತನ ಅಂದರೆ ಶಿಕ್ಷೆ.

ಆದರೆ 12ನೇ ಶತಮಾನದಲ್ಲಿ, ಅಂದರೆ ನಮ್ಮ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಶತಮಾನದಲ್ಲೇ, ಮರೀ ದ ಫ್ರಾನ್ಸ್ ಎಂಬ ಕವಯಿತ್ರಿ ಬೇರೆಯೇ ಒಂದು ಕಥೆ ಹೇಳಿದಳು. ಹೆಸರು ‘ಬಿಸ್ಕ್ಲಾವ್ರೆ’. ಒಬ್ಬ ಒಳ್ಳೆಯ ಸರದಾರ. ವಾರದಲ್ಲಿ ಮೂರು ದಿನ ಮಾಯ ಆಗುತ್ತಾನೆ. ಹೆಂಡತಿ ಕಾಡಿ ಬೇಡಿ ಕೇಳಿದಾಗ ಬಾಯಿಬಿಡುತ್ತಾನೆ: ಆ ಮೂರು ದಿನ ತಾನು ತೋಳ, ಬಿಚ್ಚಿಟ್ಟ ಬಟ್ಟೆ ಸಿಗದಿದ್ದರೆ ಮತ್ತೆ ಮನುಷ್ಯ ಆಗಲಾರೆ. ಹೆದರಿದ ಹೆಂಡತಿ ತನ್ನ ಹಿಂದೆ ಬಿದ್ದಿದ್ದ ಇನ್ನೊಬ್ಬ ಸರದಾರನಿಂದ ಆ ಬಟ್ಟೆ ಕದಿಸುತ್ತಾಳೆ. ಇವನು ತೋಳವಾಗಿಯೇ ಉಳಿಯುತ್ತಾನೆ.

ಒಂದು ವರ್ಷದ ಮೇಲೆ ರಾಜ ಬೇಟೆಗೆ ಬರುತ್ತಾನೆ. ನಾಯಿಗಳು ಅಟ್ಟಿಸಿಕೊಂಡು ಬಂದ ತೋಳ ನೇರವಾಗಿ ರಾಜನ ಹತ್ತಿರ ಹೋಗಿ ಅವನ ಕಾಲಿಗೆ ಮುತ್ತಿಡುತ್ತದೆ. ರಾಜ ಕೊಲ್ಲುವುದಿಲ್ಲ. ಅರಮನೆಗೆ ಕರೆದೊಯ್ದು ಜೊತೆಯಲ್ಲೇ ಇಟ್ಟುಕೊಳ್ಳುತ್ತಾನೆ. ಕೊನೆಗೆ ಕಳುವು ಹೊರಬಿದ್ದು ಬಟ್ಟೆ ವಾಪಸ್ ಬಂದಾಗ ತೋಳ ಎಲ್ಲರ ಮುಂದೆ ಅದನ್ನು ಮುಟ್ಟುವುದೇ ಇಲ್ಲ. ರಾಜನ ಕೋಣೆಯಲ್ಲಿ ಒಂಟಿಯಾಗಿ ಬಿಡುತ್ತಾರೆ. ಬಾಗಿಲು ತೆರೆದು ನೋಡಿದರೆ ಸರದಾರ ರಾಜನ ಹಾಸಿಗೆ ಮೇಲೆ ಮಲಗಿದ್ದಾನೆ. ರಾಜ ಓಡಿಹೋಗಿ ಅಪ್ಪಿಕೊಂಡು ನೂರಕ್ಕೂ ಹೆಚ್ಚು ಸಲ ಮುತ್ತಿಡುತ್ತಾನೆ.

ಇವರಿಬ್ಬರೂ ಪ್ರೇಮಿಗಳು ಅಂತ ಮರೀ ಎಲ್ಲೂ ಬರೆದಿಲ್ಲ. ಆ ಕಾಲದಲ್ಲಿ ರಾಜ ಸರದಾರನಿಗೆ ಮುತ್ತಿಡುವುದು ಗೌರವವೂ ಆಗಿತ್ತು. ಆದರೆ ಒಂದು ಮಾತು ಖರೆ. ಪ್ರಾಣಿಯ ಚರ್ಮದೊಳಗೆ ಇರೋದು ನಮ್ಮವನೇ ಅಂತ ಗುರುತು ಹಿಡಿದದ್ದು ಹೆಂಡತಿ ಅಲ್ಲ, ಇನ್ನೊಬ್ಬ ಗಂಡಸು. 800 ವರ್ಷದ ಹಿಂದಿನ ಕಥಿ ಇದು. ನನ್ನ ದೋಸ್ತಗ ಹೇಳಿದೆ. ಅವತ್ತು ಮೊದಲನೇ ಸಲ ಅಂವ ನಕ್ಕ.

ಭಾಗ 3/10: ಹುಣ್ಣಿಮೆ ಕೊಟ್ಟಿದ್ದು ಸಿನಿಮಾ

"ಹುಣ್ಣಿಮೆ ಬಂದ್ರ ತೋಳ ಆಗ್ತಾನ, ಬೆಳ್ಳಿಯಿಂದ ಹೊಡೆದ್ರ ಸಾಯ್ತಾನ." ಇದೆಲ್ಲಾ ಪುರಾತನ ಕಾಲದ ನಂಬಿಕಿ ಅಂತ ನಾನೂ ತಿಳಿದಿದ್ದೆ. ಇವತ್ತು ನಮಗೆ ಗೊತ್ತಿರೋ ರೂಪಕ್ಕ ಇದನ್ನ ತಂದಿದ್ದು ಬಹುಪಾಲು ಹಾಲಿವುಡ್.

1941ರಲ್ಲಿ ‘ದಿ ವುಲ್ಫ್ ಮ್ಯಾನ್’ ಸಿನಿಮಾ ಬಂತು. ಬರೆದವನು ಕರ್ಟ್ ಸಿಯೋಡ್ಮಾಕ್, ಜರ್ಮನಿಯ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟು ಓಡಿದವನು. ಆ ಸಿನಿಮಾದಲ್ಲಿ ತೋಳಮನುಷ್ಯ ಮುಂದೆ ಯಾರನ್ನು ಕೊಲ್ಲುತ್ತಾನೋ ಅವರ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಅದೇ 1941ರಲ್ಲಿ ಜರ್ಮನಿಯಲ್ಲಿ ಯಹೂದಿಗಳು ಬಟ್ಟೆ ಮೇಲೆ ಹಳದಿ ನಕ್ಷತ್ರ ಹಚ್ಚಿಕೊಳ್ಳಬೇಕು ಅಂತ ಕಡ್ಡಾಯ ಮಾಡಿದರು. ಹುಣ್ಣಿಮೆಯ ನಿಯಮ ಗಟ್ಟಿಯಾಗಿದ್ದು 1943ರ ಮುಂದಿನ ಭಾಗದಲ್ಲಿ.

ಅಂದ್ರ ಈ ತೋಳದ ಕಥಿನ ನಮ್ಮ ಕಾಲಕ್ಕ ಹೊಸದಾಗಿ ಕಟ್ಟಿಕೊಟ್ಟವನೇ ಬೆನ್ನಟ್ಟಿಸಿಕೊಂಡು ಬಂದವನು. "ನಾನು ಕೆಟ್ಟವನಲ್ಲ, ಆದ್ರ ಊರು ನನ್ನನ್ನ ಕೊಲ್ಲಾಕ ಹೊಂಟೈತಿ" ಅನ್ನೋದು ಆ ಸಿನಿಮಾದ ತಿರುಳು. ಈ ಮಾತು ಎಷ್ಟು ಥರದ ಜನಕ್ಕ ತಮ್ಮದೇ ಅನಿಸಿರಬೇಕು, ನೀವೇ ಯೋಚನೆ ಮಾಡ್ರಿ.

ಈಗಿನ ಕಾಲಕ್ಕ ಬರೂಣು. ಗಂಡು-ಗಂಡಿನ ಪ್ರೀತಿಯ ತೋಳದ ಕಾದಂಬರಿ ಇಂಗ್ಲಿಷಿನಾಗ ಈಗ ಒಂದು ದೊಡ್ಡ ಮಾರುಕಟ್ಟೆ. ಅದರ ಸೂತ್ರ ಹೆಚ್ಚುಕಮ್ಮಿ ಒಂದೇ: ತೋಳದ ಗುಂಪು, ಗುಂಪಿಗೊಬ್ಬ ನಾಯಕ, ಮೂಗಿನ ವಾಸನೆಯಿಂದಲೇ ಗೊತ್ತಾಗುವ ‘ವಿಧಿ ಬರೆದ ಜೋಡಿ’. ಸ್ವತಃ ಗೇ ಆಗಿರುವ ಟಿ.ಜೆ. ಕ್ಲೂನ್ 2016ರಲ್ಲಿ ಬರೆದ ‘ವುಲ್ಫ್‌ಸಾಂಗ್’ ಇದೇ ಸೂತ್ರ ಹಿಡಿದು ಸ್ವಲ್ಪ ಬೇರೆ ದಾರಿಯಲ್ಲಿ ಹೋಗುತ್ತದೆ. ಅಲ್ಲಿ ಕಥೆ ಹೇಳುವವನು ತೋಳ ಅಲ್ಲ. ಅಪ್ಪ ಬಿಟ್ಟುಹೋದ, ಗ್ಯಾರೇಜಿನಲ್ಲಿ ದುಡಿಯುವ ಒಬ್ಬ ಸಾದಾ ಹುಡುಗ. ಬಾಜು ಮನೆಗೆ ಬಂದ ತೋಳದ ಕುಟುಂಬ ಅವನಿಗೆ ಮನೆಯಾಗುತ್ತದೆ. ದೋಸ್ತ ಓದ್ತಿದ್ದಿದ್ದು ಇದನ್ನೇ.

ಸೂತ್ರದಲ್ಲಿ ಒಂದು ಮಸಲತ್ತು ಐತಿ, ನೋಡ್ರಿ. ‘ವಿಧಿ ಬರೆದ ಜೋಡಿ’ ಅಂದಕೂಡ್ಲೆ "ಯಾಕ ಅವನನ್ನ ಪ್ರೀತಿ ಮಾಡಿದಿ?" ಅಂತ ಯಾರೂ ಕೇಳೋ ಹಂಗಿಲ್ಲ. ರಕ್ತ ಮಾಡಿಸ್ತು, ಚಂದ್ರ ಮಾಡಿಸ್ದ. ತೋಳದ ಚರ್ಮ ಅಂದ್ರ ಒಂದು ರಜಾ ಚೀಟಿ. ಈಗ ಪ್ರಶ್ನೆ: ನಮ್ಮ ಕಡೆ ಈ ಚೀಟಿ ಯಾರು ಬರೆದುಕೊಡ್ತಿದ್ರು?

ಭಾಗ 4/10: ಕೋಟು ಮತ್ತು ಜೋಡು

ಕನ್ನಡದ ಒಂದು ಜನಪದ ಕಥೆ ಹೇಳ್ತೀನಿ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ್ದು. ನಿಮ್ಮ ಮನೀ ಹಿರ್ಯಾರನ್ನ ಕೇಳ್ರಿ, ಅವರಿಗೂ ಗೊತ್ತಿರಬಹುದು.

ಒಬ್ಬ ಹೆಣ್ಣುಮಗಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆದರೆ ಯಾರಿಗೂ ಕಥೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಇಟ್ಟುಕೊಂಡಳು. ಕಥೆಗೂ ಹಾಡಿಗೂ ಉಸಿರುಗಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಜಿಗಿದವು. ಕಥೆ ಒಂದು ಜೋಡು ಚಪ್ಪಲಿಯಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು.

ಗಂಡ ಮನೆಗೆ ಬಂದ. "ಯಾರು ಬಂದಾರ?" "ಯಾರೂ ಇಲ್ಲ." "ಹಂಗಾದ್ರ ಈ ಕೋಟು ಯಾರದು, ಈ ಜೋಡು ಯಾರದು?" ಆಕೆಗೆ ಗೊತ್ತಿಲ್ಲ. ಜಗಳ ಆಯಿತು. ಗಂಡ ಸಿಟ್ಟಾಗಿ ಕಂಬಳಿ ಹೊತ್ತು ಗುಡಿಗೆ ಮಲಗಲು ಹೋದ. ಆ ಊರಿನ ದೀಪಗಳನ್ನು ಆರಿಸಿದ ಮೇಲೆ ಅವುಗಳ ಜ್ಯೋತಿಗಳೆಲ್ಲಾ ಹನುಮಪ್ಪನ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ತಡವಾಗಿ ಬಂದ ಅವನ ಮನೆಯ ಜ್ಯೋತಿ ನಡೆದದ್ದನ್ನೆಲ್ಲಾ ಹೇಳಿತು. ಗಂಡನಿಗೆ ಸತ್ಯ ಗೊತ್ತಾಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದ: "ಕಥಿ ಏನಿತ್ತು, ಹಾಡು ಏನಿತ್ತು?" ಅಷ್ಟೊತ್ತಿಗೆ ಆಕೆ ಎರಡನ್ನೂ ಮರೆತಿದ್ದಳು.

ಇದನ್ನ ಓದಿ ನಾನು ಸುಮ್ಮನ ಕೂತೆ. ಬಿಸ್ಕ್ಲಾವ್ರೆಯಲ್ಲಿ ಬಟ್ಟೆ ಕಳೆದುಹೋದರೆ ಮನುಷ್ಯ ಮೃಗವಾಗಿ ಉಳಿಯುತ್ತಾನೆ. ಇಲ್ಲಿ ಹೇಳದೆ ಇಟ್ಟ ಮಾತೇ ಬಟ್ಟೆಯಾಗಿ ಬಾಗಿಲಿಗೆ ಬಂದು ಕೂರುತ್ತದೆ, ಜಗಳ ಹಚ್ಚುತ್ತದೆ. ಕೊನೆಗೆ ನೆನಪಿನಿಂದಲೇ ಹೋಗಿಬಿಡುತ್ತದೆ.

ನನ್ನ ದೋಸ್ತ ಅಂದ: "ಹೇಳದ ಕಥಿ ತೋಳ ಆಗತೈತಿ ಅಂದ್ರ ಇದ ಅಲ್ಲೇನು?" ಸರಣಿಯ ಹೆಸರು ಅವನದು, ನಂದಲ್ಲ.

ಭಾಗ 5/10: ಸುಳ್ಳಿನ ಚರ್ಮದಾಗ ಖರೇ ಮಾತು

ನಮ್ಮ ಕಥೆಗಳಲ್ಲಿ ರೂಪ ಬದಲಿಸುವ ಕೆಲಸ ಹೆಚ್ಚಾಗಿ ಹಾವಿಗೇ ಬಿದ್ದೈತಿ. ತೋಳ ಅಡವಿಯಾಗ ಇರತೈತಿ, ಹಾವಿನ ಹುತ್ತ ಮನೀ ಹಿತ್ತಲದಾಗ.

ಗಿರೀಶ ಕಾರ್ನಾಡ ಅವರ ‘ನಾಗಮಂಡಲ’ 1988ರದು. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳಿಂದ ಈ ನಾಟಕ ಹುಟ್ಟಿತು. ಅದರಲ್ಲೂ ಗುಡಿಯಲ್ಲಿ ಜ್ಯೋತಿಗಳು ಸೇರುತ್ತವೆ, ಹೇಳಿಸಿಕೊಳ್ಳದ ಕಥೆ ಹೆಣ್ಣಿನ ರೂಪದಲ್ಲಿ ಬಂದು ಕೂರುತ್ತದೆ. 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು, ನೀವು ಟಿವಿಯಲ್ಲಿ ನೋಡಿರಬೇಕು.

ಕಥೆ ಗೊತ್ತಿದ್ದದ್ದೇ. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಹಾಕಿ ಕೀಲಿ ಹಾಕುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ರಾತ್ರಿ ಇನ್ನೊಬ್ಬಳ ಮನೆ. ಕುರುಡವ್ವ ಕೊಟ್ಟ ವಶೀಕರಣದ ಬೇರು ಸಾರಿಗೆ ಬೀಳುತ್ತದೆ, ಆ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ನಾಗಪ್ಪ ಗಂಡನ ರೂಪ ತಾಳಿ ದಿನಾ ರಾತ್ರಿ ಬರುತ್ತಾನೆ. ರಾಣಿ ಬಸುರಿ. ಪಂಚಾಯ್ತಿ ಕೂಡುತ್ತದೆ. ಆಕೆ ಹುತ್ತಕ್ಕೆ ಕೈ ಹಾಕಿ ನಾಗರಹಾವು ಹಿಡಿದು ಆಣೆ ಮಾಡುತ್ತಾಳೆ: ನನ್ನ ಗಂಡನನ್ನೂ ಈ ನಾಗರಹಾವನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿಲ್ಲ ಅಂತ.

ಆ ಆಣೆಯಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಊರಿನ ಎದುರು ತನ್ನ ಪೂರ್ತಿ ಸತ್ಯ ಹೇಳಿಬಿಟ್ಟಳು, ಒಬ್ಬರಿಗೂ ತಿಳಿಯಲಿಲ್ಲ. ಕಲ್ಲು ಹೊಡೆಯಬೇಕಾದವರು ಕಾಲಿಗೆ ಬಿದ್ದರು.

ಚರ್ಮ ಹೊದ್ದ ಕಥೆ ಮಾಡೋ ಕೆಲಸ ಇದೇ. ಹೇಳಬಾರದ್ದನ್ನ ಎಲ್ಲಾರ ಮುಂದ ಹೇಳಿಸತೈತಿ, ಹೇಳಿದವರ ಜೀವ ಉಳಿಸತೈತಿ. ನಮ್ಮ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲೂ ಸೀಳಿ ಎರಡಾದ ದೇಹ, ಅಲ್ಲೂ ಹಾವು. ಆದರೆ ಇವೆಲ್ಲಾ ಗಂಡು-ಹೆಣ್ಣಿನ ಕಥೆಗಳು. ರಾಣಿಗೆ ನಾಗಪ್ಪ ಸಿಕ್ಕ. ನನ್ನ ದೋಸ್ತಗ ಯಾರು?

ಭಾಗ 6/10: ನಮ್ಮ ಹುಣ್ಣಿಮೆ

ತೋಳಮನುಷ್ಯಗ ಹುಣ್ಣಿಮೆ ಬೇಕಲ್ಲ. ನಮ್ಮ ಸವದತ್ತಿ ಎಲ್ಲಮ್ಮಗೂ ಹುಣ್ಣಿಮೆನೇ ಬೇಕು. ಹೊಸ್ತಿಲ ಹುಣ್ಣಿಮೆಗೆ ತಾಯಿ ಬಳೆ ಒಡೀತಾರ, ಜಮದಗ್ನಿ ಸತ್ತ ದುಃಖ. ಬನದ ಹುಣ್ಣಿಮೆಗೆ ಗುಡ್ಡದ ತುಂಬ ಚಕ್ಕಡಿ, ಟ್ರ್ಯಾಕ್ಟರ್. ಭಾರತ ಹುಣ್ಣಿಮೆಗೆ ತಾಯಿ ಮತ್ತ ಮುತ್ತೈದಿ. ನಮ್ಮ ಆಯಿ ಕೂಡ ಸಣ್ಣಾಕಿದ್ದಾಗ ಚಕ್ಕಡಿಯಾಗ ಹೋಗಿದ್ದನ್ನ ಇನ್ನೂ ಹೇಳ್ತಾಳ. "ಉಧೋ ಉಧೋ" ಅನ್ನೋ ದನಿ ಕೇಳಿದ್ರ ಈಗಲೂ ಕೈ ಮುಗೀತಾಳ.

ಆ ಜಾತ್ರೆಯಲ್ಲಿ ಜೋಗಪ್ಪಗಳನ್ನು ನೋಡಿರುತ್ತೀರಿ. ಗಂಡಾಗಿ ಹುಟ್ಟಿ, ಎಲ್ಲಮ್ಮ ಮೈಮೇಲೆ ಬಂದಳು ಅಂತ ಸೀರೆ ಉಟ್ಟು, ಮುತ್ತು ಕಟ್ಟಿಸಿಕೊಂಡು, ಚೌಡಿಕೆ ಹಿಡಿದು ಹಾಡುವವರು. ಅವರು ಹೇಳುವ ಕಥೆಗಳಲ್ಲಿ ಒಂದು ಹೀಗಿದೆ: ತಾಯಿಯ ತಲೆ ಕಡಿ ಅಂತ ಜಮದಗ್ನಿ ಅಂದಾಗ ಪರಶುರಾಮ ಕಡಿದ, ಒಲ್ಲೆ ಅಂದ ಅಣ್ಣಂದಿರು ಶಾಪದಿಂದ ಗಂಡಸುತನ ಕಳೆದುಕೊಂಡರು. ತಾಯಿಯನ್ನು ಕೊಲ್ಲಲು ಒಪ್ಪದವರ ಮಕ್ಕಳು ನಾವು, ಅಂತಾರೆ ಜೋಗಪ್ಪಗಳು. ಈ ಕಥಿನ ತಿರುಗಿಸಿ ನೋಡ್ರಿ. ಶಾಪ ಅನ್ನೋದು ಇಲ್ಲಿ ಕೆಟ್ಟತನಕ್ಕ ಸಿಕ್ಕಿದ್ದಲ್ಲ, ಒಳ್ಳೇತನಕ್ಕ ಸಿಕ್ಕಿದ್ದು.

ಇಲ್ಲೊಂದು ವಿಷಯ ಸ್ಪಷ್ಟ ಇರಲಿ. ಜೋಗಪ್ಪ ಬೇರೆ, ಗೇ ಬೇರೆ. ಒಂದು ‘ನಾನು ಯಾರು’ ಎಂಬುದರ ಮಾತು, ಇನ್ನೊಂದು ‘ನನಗೆ ಯಾರ ಮೇಲೆ ಪ್ರೀತಿ’ ಎಂಬುದರ ಮಾತು. ಎರಡನ್ನೂ ಒಂದೇ ಬೈಗುಳದಾಗ ಕಟ್ಟಿ ಒಗೆಯೋದು ನಮ್ಮ ಕಾಲೇಜ್ ಕಾರಿಡಾರಿನ ಚಾಳಿ, ಇತಿಹಾಸ ಅಲ್ಲ.

ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಅವರ ಹೆಸರು ಎಲ್ಲರಿಗೂ ಗೊತ್ತು. ಮನೆಯಲ್ಲಿ ಮಂಜುನಾಥ ಆಗಿ ಬೆಳೆದವರು. ಹೊಸಪೇಟೆ ಹತ್ತಿರದ ಹುಲಿಗೆಮ್ಮನ ಗುಡಿಯಲ್ಲಿ ದೀಕ್ಷೆ, ಆಮೇಲೆ ಜೋಗತಿ ನೃತ್ಯ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ.

ಆದರೆ ಪೂರ್ತಿ ಚಿತ್ರ ಇಷ್ಟು ಚೆಂದ ಇಲ್ಲ. ದೇವಿಗೆ ಬಿಡುವ ಪದ್ಧತಿಯಲ್ಲಿ ಬಡವರ ಹೆಣ್ಣುಮಕ್ಕಳ ಬಾಳು ಹಾಳಾಯಿತು. ಅದಕ್ಕೇ 1982ರಲ್ಲಿ ರಾಜ್ಯ ಸರ್ಕಾರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಗುಡ್ಡದ ಮ್ಯಾಲೆ ಜೋಗಪ್ಪನ ಕಾಲಿಗೆ ಬೀಳೋ ಮಂದಿನೇ ಬಸ್ಸಿನಾಗ ಬಾಜೂಕ ಕೂತ್ರ ಎದ್ದು ಹೋಗ್ತಾರ. ದೇವರ ಚರ್ಮ ಇದ್ದಾಗ ಕೈ ಮುಗಿಯೋದು, ಇಲ್ಲದಾಗ ನಗೋದು. ನಾನೂ ಅದನ್ನೇ ಮಾಡಿದ್ದೆ, ಹೌದಲ್ಲ?

ಭಾಗ 7/10: ಸಂಗ್ಯಾ, ಬಾಳ್ಯಾ

ನಮ್ಮ ಬೈಲಹೊಂಗಲ ಸೀಮೆಯ ಕಥೆ ಇಲ್ಲದೆ ಈ ಪೇಜಿನಾಗ ಸರಣಿ ಮುಗಿಯೋದುಂಟೇನು? ‘ಸಂಗ್ಯಾ-ಬಾಳ್ಯಾ’. ಉತ್ತರ ಕರ್ನಾಟಕದ ಹೆಸರುವಾಸಿ ಸಣ್ಣಾಟಗಳಲ್ಲಿ ಇದೂ ಒಂದು. ನಮ್ಮ ಸೀಮೆಯಲ್ಲಿ ನಡೆದ ಕೊಲೆಯೊಂದರ ಮೇಲೆ ಕಟ್ಟಿದ್ದು ಅಂತ ಪ್ರತೀತಿ. ಕಂಬಾರರು ಇದನ್ನು ಸಂಪಾದಿಸಿ ಪುಸ್ತಕ ಮಾಡಿದರು.

ಕಥೆ ಮೂರು ಸಾಲಿನದು. ಸಂಗ್ಯಾ ಶ್ರೀಮಂತ, ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾನ ಮನಸ್ಸು ಈರ್ಯಾನ ಹೆಂಡತಿ ಗಂಗಿಯ ಮೇಲೆ ಬೀಳುತ್ತದೆ, ಬಾಳ್ಯಾ ನಡುವೆ ನಿಂತು ಕೂಡಿಸುತ್ತಾನೆ. ಕೊನೆಗೆ ಅದೇ ಬಾಳ್ಯಾ ಸಂಗ್ಯಾನನ್ನು ಕೊಲ್ಲುವವರ ಕೈಗೆ ಕೊಡುತ್ತಾನೆ.

ಇದನ್ನ ನೂರು ಸಲ ಕೇಳಿದ ಮಂದಿಗೆ ಒಂದು ಪ್ರಶ್ನೆ. ಆಟದ ಹೆಸರು ‘ಸಂಗ್ಯಾ-ಗಂಗಿ’ ಅಂತ ಯಾಕಿಲ್ಲ? ಪ್ರೇಮದ ಕಥೆ ಅಂದ್ರ ಪ್ರೇಮಿಗಳ ಹೆಸರು ಇರಬೇಕಲ್ಲ? ಲೈಲಾ-ಮಜ್ನೂ ಅಂತೀವಿ, ನಳ-ದಮಯಂತಿ ಅಂತೀವಿ. ಇಲ್ಲಿ ಮಾತ್ರ ಊರು ಎರಡು ಗಂಡಸರ ಹೆಸರು ಜೋಡಿಸಿ ಇಟ್ಕೊಂಡೈತಿ. ಕೂತವರ ಎದಿ ಒಡೆಯೋದೂ ಗಂಗಿ ಸಲುವಾಗಿ ಅಲ್ಲ, ಗೆಳೆತನ ಮುರಿದದ್ದಕ್ಕ.

ಅವರು ಗೇ ಇದ್ದರು ಅಂತ ನಾನು ಹೇಳ್ತಿಲ್ಲ. ಕಮೆಂಟಿನಾಗ ಜಗಳ ತೆಗೀಬ್ಯಾಡ್ರಿ. ನಾನು ಹೇಳೋದು ಇಷ್ಟೇ: ಇಬ್ಬರು ಗಂಡಸರ ನಡುವಿನ ಪ್ರೀತಿ, ಜೀವ ಕೊಡುವಷ್ಟು, ಜೀವ ತೆಗೆಯುವಷ್ಟು ದೊಡ್ಡದು ಅಂತ ನಮ್ಮ ಊರಿಗೆ ಗೊತ್ತಿತ್ತು. ಅದನ್ನು ಬಯಲಾಗ ನಿಂತು ರಾತ್ರಿಯೆಲ್ಲಾ ಹಾಡಿದ್ದೂ ಉಂಟು. ಅದಕ್ಕೆ ‘ದೋಸ್ತಿ’ ಅನ್ನೋ ಹೆಸರು ಇರೋ ತನಕ ಯಾರಿಗೂ ತಕರಾರಿಲ್ಲ. ದೋಸ್ತಿನೂ ಒಂದು ಚರ್ಮನೇ.

ಭಾಗ 8/10: ಚರ್ಮ ಹೊಲಿದವರು

ಚರ್ಮ ಬೇಕಾಗಿದ್ದು ಯಾಕ? ಒಂದು ಕಾರಣ ಬರೇ ನಗು ಅಲ್ಲ, ಕಾನೂನು. 1860ರಲ್ಲಿ ಬ್ರಿಟಿಷರು ಭಾರತೀಯ ದಂಡ ಸಂಹಿತೆ ಮಾಡಿದರು, 1862ರಿಂದ ಜಾರಿ. ಅದರ 377ನೇ ಕಲಮು ಇಂಥ ಸಂಬಂಧವನ್ನು ‘ಪ್ರಕೃತಿಗೆ ವಿರುದ್ಧ’ ಅಂತ ಅಪರಾಧ ಮಾಡಿತು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಬದುಕಿಗೆ ಇದು ತಾಗದು ಅಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅಪರಾಧದ ಹಣೆಪಟ್ಟಿ ತೆಗೆಯಿತು. ನಾವು ಆಗ ಇನ್ನೂ ಸಾಲ್ಯಾಗ ಇದ್ವಿ.

ಈ ತಾರೀಖುಗಳನ್ನ ಲೆಡ್ಜರಿನ ಹಂಗ ಒಂದು ಕಡೆ ಬರೀರಿ. ಇನ್ನೊಂದು ಕಡೆ ಒಬ್ಬ ಕನ್ನಡ ಲೇಖಕರ ಬದುಕು ಬರೀರಿ.

ವಸುಧೇಂದ್ರ ಅವರು 1969ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿದವರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಎಷ್ಟೋ ವರ್ಷ ಸಾಫ್ಟ್‌ವೇರ್ ಕೆಲಸ. ‘ನಮ್ಮ ಅಮ್ಮ ಅಂದ್ರೆ ನಂಗಿಷ್ಟ’ ಪುಸ್ತಕದಿಂದ ಮನೆಮಾತಾದವರು. ಅಷ್ಟೆಲ್ಲಾ ಹೆಸರಿದ್ದ ಲೇಖಕರು, ಗಂಡಸನ್ನು ಪ್ರೀತಿಸುವ ಮೋಹನಸ್ವಾಮಿಯ ಕಥೆಯನ್ನು ಪತ್ರಿಕೆಯಲ್ಲಿ ಮೊದಲು ಅಚ್ಚು ಹಾಕಿಸಿದಾಗ ಬೇರೆ ಹೆಸರು ಇಟ್ಟುಕೊಂಡರು. ತಮ್ಮ ಹೆಸರಿನಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನ ತಂದಿದ್ದು 2013ರಲ್ಲಿ. ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟ್ 377ನ್ನು ವಾಪಸ್ ತಂದಿತು.

ಅಂದ್ರ ಅವರು ಚರ್ಮ ಕಳಚಿದ ವರ್ಷನೇ ಕಾನೂನು ಮತ್ತ ಬೇಟೆಗೆ ನಾಯಿ ಬಿಟ್ಟಿತು. ಪುಸ್ತಕ ಅಂಗಡಿಯಾಗೇ ಇತ್ತು, ಹೆಸರು ಮುಖಪುಟದ ಮ್ಯಾಲೇ ಇತ್ತು. ಅವರು ಹಿಂದಕ್ಕ ತಗೊಳ್ಳಲಿಲ್ಲ.

ಭಾಗ 9/10: ತೋಳ ಇಲ್ಲದ ತೋಳದ ಕಥಿ

ಈಗ ನಿಜವಾದ ಪ್ರಶ್ನೆ: ಅವರು ಹ್ಯಾಂಗ ಬರೆದ್ರು?

ಇಂಗ್ಲಿಷ್ ಸೂತ್ರದಾಗ ಏನೇನು ಇರತೈತೋ ಅದ್ಯಾವುದೂ ಇಲ್ಲ. ಹುಣ್ಣಿಮೆ ಇಲ್ಲ, ವಿಧಿ ಇಲ್ಲ, ಗುಂಪಿಲ್ಲ. ಬಾಡಿಗೆ ಮನೆ ಐತಿ, ಅಡುಗೆಮನೆ ಐತಿ, ಆಫೀಸ್ ಐತಿ. ಜೊತೆಯಲ್ಲೇ ಇದ್ದ ಕಾರ್ತಿಕ್ ಒಂದು ದಿನ ಹುಡುಗಿಯನ್ನು ಮದುವೆ ಆಗಲು ಹೊರಡುತ್ತಾನೆ. ‘ಕಗ್ಗಂಟು’ ಕಥೆಯಲ್ಲಿ ಮೋಹನಸ್ವಾಮಿ ಎಂಥಾ ಗಂಟು ಬಿದ್ದರೂ ಬಿಚ್ಚುವವನು, ಇದೊಂದು ಗಂಟು ಬಿಟ್ಟು. ಇನ್ನೊಂದು ಕಥೆ ಅವನನ್ನು ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತಿಸುತ್ತದೆ. ಅಲ್ಲಿ ಬೆಟ್ಟ ಬೆಟ್ಟವೇ, ಏದುಸಿರು ಏದುಸಿರೇ.

ಇದರಿಂದ ನನಗ ತಿಳಿದದ್ದು: ತೋಳದ ಕಥೆಯಲ್ಲಿ ದೇಹ ಬದಲಾಗುತ್ತದೆ, ಊರು ಹಾಗೇ ಇರುತ್ತದೆ. ಮೋಹನಸ್ವಾಮಿಯ ಕಥೆಯಲ್ಲಿ ದೇಹ ಹಾಗೇ ಇರುತ್ತದೆ. ನೋಡುವವರ ಕಣ್ಣು ಬದಲಾಗುತ್ತದೆ. ನಿನ್ನೆ ತನಕ ‘ಒಳ್ಳೇ ಹುಡುಗ’ ಅಂದವರೇ ಇವತ್ತು ಮೃಗ ನೋಡಿದ ಹಂಗ ನೋಡ್ತಾರ. ತೋಳ ಆಗೋದು ಅವನ ಮೈಯಾಗ ಅಲ್ಲ, ಮಂದಿ ಕಣ್ಣಾಗ. ಚಂದ್ರನ ಮ್ಯಾಲೆ, ರಕ್ತದ ಮ್ಯಾಲೆ ಭಾರ ಹಾಕಿ ತಪ್ಪಿಸಿಕೊಳ್ಳೋ ದಾರಿ ಅವರು ಇಟ್ಟಿಲ್ಲ. ಅಪರೂಪದ್ದು ಅಂದ್ರ ಇದು.

ಒಬ್ಬ ಬಿಕಾಂ ಹುಡುಗ ಆಗಿ ಇನ್ನೊಂದು ಮಾತು ಹೇಳಲೇಬೇಕು. ಪುಸ್ತಕ ಪ್ರಕಟವಾಗಿದ್ದು ‘ಛಂದ ಪುಸ್ತಕ’ದಿಂದ. ಅದು ವಸುಧೇಂದ್ರ ಅವರದೇ ಪ್ರಕಾಶನ, 2004ರಲ್ಲಿ ಕಟ್ಟಿದ್ದು. ಬಂಡವಾಳ ಅವರದು, ನಷ್ಟ ಆದರೂ ಅವರದು. "ಇದನ್ನ ಅಚ್ಚು ಹಾಕಲ್ಲ" ಅನ್ನೋ ಬಾಯಿ ನಡುವ ಇರಲಿಲ್ಲ. ಸ್ವಾತಂತ್ರ್ಯ ಅನ್ನೋದು ಧೈರ್ಯದ ಮಾತು ಮಾತ್ರ ಅಲ್ಲ, ಅಚ್ಚಿನ ಖರ್ಚಿನ ಮಾತೂ ಹೌದು. ಇದನ್ನ ಯಾವ ಸಾಹಿತ್ಯದ ಕ್ಲಾಸಿನಾಗೂ ನನಗ ಯಾರೂ ಹೇಳಿರಲಿಲ್ಲ.

2016ರಲ್ಲಿ ರಶ್ಮಿ ತೇರದಾಳ ಅವರ ಅನುವಾದದಲ್ಲಿ ಪುಸ್ತಕ ಇಂಗ್ಲಿಷಿಗೆ ಹೋಯಿತು. ಪುಸ್ತಕ ಓದಿ ತಮ್ಮ ಕಷ್ಟ ಹೇಳಿಕೊಳ್ಳಲು ಸಣ್ಣ ಊರುಗಳ ಹುಡುಗರು ಹುಡುಕಿಕೊಂಡು ಬಂದಿದ್ದನ್ನು ವಸು ಸರ್ ಮಾತಿನಲ್ಲಿ ಹಂಚಿಕೊಂಡಿದ್ದಾರೆ. ಗುಡಿಯೊಳಗೆ ಒಂದು ಜ್ಯೋತಿ ಮಾತಾಡಿದ ಮೇಲೆ ಉಳಿದ ಮನೆಗಳ ಜ್ಯೋತಿಗಳೂ ಬಂದು ಸೇರಿದ ಹಾಗೆ.

ಭಾಗ 10/10: ಕೂಗದ ಹುಡುಗ

ಕಳೆದ ವಾರ ದೋಸ್ತ ಹನ್ನೊಂದು ಪುಟದ ಒಂದು ಕಥಿ ಕೊಟ್ಟ. ಕೈಬರಹ, ನೀಲಿ ಪೆನ್ನು, ಕನ್ನಡ. ತೋಳಮನುಷ್ಯನದೇ ಕಥಿ.

ನಾನು ಅಂದೆ, "ಇಷ್ಟೆಲ್ಲಾ ಓದಿದ ಮ್ಯಾಲೂ ತೋಳದ ಚರ್ಮ ಯಾಕ ಬೇಕಲೇ? ಸೀದಾ ಬರೀಬಹುದಲ್ಲ?"

ಅಂವ ಅಂದ: "ವಸು ಸರ್ ಮೊದಲನೇ ಕಥಿಗೆ ಬ್ಯಾರೆ ಹೆಸರು ಇಟ್ಟಾಗ ಅವರಿಗೆ ಎಷ್ಟು ವಯಸ್ಸಾಗಿತ್ತು, ಲೆಕ್ಕ ಹಾಕು. ನನಗ ಇಪ್ಪತ್ತು. ಚರ್ಮ ಅಂದ್ರ ನಾಚಿಕಿ ಅಲ್ಲ, ಟೈಮು. ಚಳಿ ಇದ್ದಾಗ ಹೊದಿಬೇಕು, ಬ್ಯಾಡಾದಾಗ ಮಡಚಿ ಇಡಬೇಕು. ಯಾವಾಗ ಅಂತ ನಾನು ಹೇಳ್ತೀನಿ, ನೀ ಅಲ್ಲ."

ಅಂವ ತನಗ ತಾನೇ ಹಾಕ್ಕೊಂಡ ನಿಯಮ ಮೂರು:

1. "ಚಂದ್ರ ಮಾಡಿಸ್ದ" ಅಂತ ಬರೆಯಂಗಿಲ್ಲ. ಪ್ರೀತಿ ಮಾಡಿದ್ದು ಇವರಿಬ್ಬರೂ, ತಿಳಿದೇ ಮಾಡಿದ್ದು.
2. ಕೊನೆಗೆ ತೋಳನ ಕೊಲ್ಲಂಗಿಲ್ಲ. ಸತ್ತ ಮ್ಯಾಲೆ ಕನಿಕರ ತೋರಿಸೋದು ಓದುಗರಿಗೆ ಭಾಳ ಸುಲಭ.
3. ಕಾಡು ಯುರೋಪಿಂದು ಆಗಬಾರದು. ಕುರಿ, ಕರಿ ಹೊಲ, ಗುಡ್ಡ, ನಮ್ಮ ಭಾಷೆ.

ಕಥಿ ಪೂರ್ತಿ ಹೇಳಾಕ ನನಗ ಪರವಾನಗಿ ಇಲ್ಲ. ಒಂದು ಜಾಗ ಮಾತ್ರ ಹೇಳ್ತೀನಿ. ‘ತೋಳ ಬಂತು ತೋಳ’ ಅಂತ ಸುಳ್ಳು ಸುಳ್ಳೇ ಕೂಗಿದ ಹುಡುಗನ ಕಥಿ ನಾವೆಲ್ಲಾ ಸಾಲ್ಯಾಗ ಓದೀವಿ. ಇವನ ಕಥಿಯಾಗ ಖರೇನ ತೋಳ ಬರತೈತಿ. ಹಟ್ಟಿ ಹತ್ರ ಬಂದು ನಿಲ್ಲತೈತಿ. ಕುರಿ ಕಾಯೋ ನಾಯಿ ಬೊಗಳೂದಿಲ್ಲ. ಹುಡುಗ ಎದ್ದು ನೋಡ್ತಾನ, ಕಣ್ಣು ಗುರ್ತು ಹಿಡೀತಾನ. ಊರು ಒಂದು ಕೂಗಿನ ದೂರದಾಗ ಐತಿ. ಅಂವ ಕೂಗೂದಿಲ್ಲ. ಕಂಬಳಿ ಸರಿಸಿ ಜಾಗ ಮಾಡ್ತಾನ.

ಇದನ್ನ ಓದಿ ನನಗ ಬಿಸ್ಕ್ಲಾವ್ರೆಯ ರಾಜ ನೆನಪಾದ. ದೋಸ್ತಗ ಹೇಳಿದೆ, ಆಮ್ಯಾಲೆ ಮೊದಲನೇ ದಿನದ ನಗುವಿಗೆ "ತಪ್ಪಾತು" ಅಂದೆ. ಅಂವ "ಹೋಗಲಿ ಬಿಡಲೇ, ಒಂದು ಚಾ ಕುಡಿಸು" ಅಂದ. ಕುಡಿಸಿದೆ. ಲೆಕ್ಕ ಚುಕ್ತಾ ಆಯ್ತು ಅಂತ ನಾನು ತಿಳಿದಿಲ್ಲ.

ಈ ಸರಣಿ ಓದಿದ ನಿಮಗ ಎರಡೇ ವಿನಂತಿ. ಆ ದೋಸ್ತ ಯಾರಂತ ಊಹೆ ಮಾಡಬ್ಯಾಡ್ರಿ, ಕಮೆಂಟಿನಾಗ ಯಾರನ್ನೂ ಟ್ಯಾಗ್ ಮಾಡಬ್ಯಾಡ್ರಿ. ನಾಳೆ ನಿಮ್ಮ ಬಾಜೂಕ ಕೂತವರು ಯಾವುದಾದರೂ ಕಥಿ ಓದ್ತಿದ್ರ, ನಗಬ್ಯಾಡ್ರಿ. "ಏನೈತಿ ಅದರಾಗ?" ಅಂತ ಕೇಳ್ರಿ. ಇಲ್ಲಂದ್ರ ಆ ಕಥಿ ಯಾರದೋ ಮನೀ ಬಾಗಿಲ ಮುಂದ ಜೋಡಾಗಿ ಕುಂತಿರತೈತಿ, ಯಾರದಂತ ಯಾರಿಗೂ ಗೊತ್ತಿರೂದಿಲ್ಲ.

ಮುಂದಿನ ಸರಣಿ ಸಂಪಗಾಂವದ್ದು. ಮತ್ತ ಸಿಗೂಣು.

#ನಮ್ಮಸೀಮೆಇತಿಹಾಸ #ಸಂಪಗಾಂವ #ಬೈಲಹೊಂಗಲ #ಸವದತ್ತಿ #ಮೋಹನಸ್ವಾಮಿ #ಕನ್ನಡಓದು